ಯಾವ ಪಟ್ಟಿಯ ನಂಬರ್ ಒನ್, ಮಾರಾಯ?

ಕಳೆದ ತಿಂಗಳು ಗಿಟಾರ್ ನುಡಿಸುವ ಹುಡುಗನೊಬ್ಬ ನನ್ನ ಟೇಬಲ್ ಮೇಲೆ ಫೋನ್ ಇಟ್ಟು, 'ಸರ್, ನಂಬರ್ ಒನ್' ಅಂದ. ನೋಡಿದರೆ ಸ್ಕ್ರೀನ್‌ಶಾಟ್. ತೆಗೆದದ್ದು ರಾತ್ರಿ 2:41ಕ್ಕೆ. ಹಾಡಿನ ಸುತ್ತ ಕೆಂಪು ಗೆರೆ. ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿದೆ. ಅದು ಒಂದು ಡೌನ್‌ಲೋಡ್ ಅಂಗಡಿಯ, ರಾಕ್ ವಿಭಾಗದ, ಭಾರತದ ಪಟ್ಟಿ. ದುಡ್ಡು ಕೊಟ್ಟು ಹಾಡು ಡೌನ್‌ಲೋಡ್ ಮಾಡುವವರು ಈಗ ನಮ್ಮಲ್ಲಿ ಎಷ್ಟು ಜನ ಇದ್ದಾರು? ಅವನ ಅಕ್ಕ, ಭಾವ, ಕಾಲೇಜಿನ ಗೆಳೆಯರು ಸೇರಿ ಒಂದೇ ರಾತ್ರಿ ಕೊಂಡಿದ್ದರು. ಬೆಳಿಗ್ಗೆ ಅಮ್ಮನಿಗೆ ತೋರಿಸೋಣ ಅನ್ನುವಷ್ಟರಲ್ಲಿ ಹಾಡು ಕೆಳಗಿಳಿದಿತ್ತು. ಪೋಸ್ಟರ್ ಮಾತ್ರ ಆಗಲೇ ಪ್ರಿಂಟ್‌ಗೆ ಹೋಗಿತ್ತು.

ಹುಡುಗನ ಮೇಲೆ ಸಿಟ್ಟಿಲ್ಲ. ಹಾಡು ಚೆನ್ನಾಗಿಯೇ ಇದೆ. ಎರಡನೇ ಚರಣದಲ್ಲಿ ಡ್ರಮ್ಸ್ ನಿಂತು ಬೇಸ್ ಗಿಟಾರ್ ಒಂದೇ ಉಳಿಯುತ್ತದಲ್ಲ, ಆ ಜಾಗ ನನಗೂ ಇಷ್ಟ. ಆದರೆ ಬ್ಯಾಂಡುಗಳ ಹಾಡು ಬಿಡುಗಡೆ ಮಾಡಿಸುವ ಈ ಕೆಲಸದಲ್ಲಿ ನಾನು ಹೇಳಿ ಹೇಳಿ ಸುಸ್ತಾದ ಮಾತು ಒಂದೇ: ಚಾರ್ಟ್, ಅಂದರೆ ಈ ನಂಬರುಗಳ ಪಟ್ಟಿ, ಒಂದು ಲೆಕ್ಕದ ಪುಸ್ತಕ. ಏನನ್ನು ಎಣಿಸಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನ ಬದಲಾದರೆ ನಂಬರೂ ಬದಲು.

ನಂಬುವುದಿಲ್ಲವಾ? ಅಮೆರಿಕದ ರಾಕ್ ಬ್ಯಾಂಡ್ ಗೂ ಗೂ ಡಾಲ್ಸ್‌ನ 'ಐರಿಸ್' ಹಾಡು ನೋಡಿ. 1998ರಲ್ಲಿ ಅಮೆರಿಕದ ರೇಡಿಯೋ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿತ್ತು. ಯಾವ ಸ್ಟೇಷನ್ ಹಾಕಿದರೂ ಅದೇ. ಅದೇ ಹೊತ್ತಿಗೆ ಅಲ್ಲಿನ ಮುಖ್ಯ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಎಲ್ಲಿತ್ತು ಗೊತ್ತಾ? ಎಲ್ಲೂ ಇರಲಿಲ್ಲ. ಹಾಡು ಅಂಗಡಿಯಲ್ಲಿ ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ಬೇರೆಯಾಗಿ, ಮಾರಾಟಕ್ಕೆ ಬಂದಿದ್ದರಷ್ಟೇ ಆ ಪಟ್ಟಿಗೆ ಪ್ರವೇಶ ಅನ್ನುವುದು ಆಗಿನ ನಿಯಮ. ಆ ಕಾಲದ ಕಂಪನಿಗಳದ್ದು ಬೇರೆಯೇ ಲೆಕ್ಕ. ಒಂದು ಹಾಡನ್ನು ಬಿಡಿಯಾಗಿ ಅಗ್ಗಕ್ಕೆ ಯಾಕೆ ಮಾರಬೇಕು, ಬೇಕಾದವರು ಪೂರ್ತಿ ಸಿಡಿ ಕೊಳ್ಳಲಿ. 1998ರ ಡಿಸೆಂಬರ್ 5ರ ಪಟ್ಟಿಯಿಂದ ನಿಯಮ ಬದಲಾಯಿತು, ರೇಡಿಯೋದಲ್ಲಿ ಮಾತ್ರ ಬರುವ ಹಾಡುಗಳಿಗೂ ಬಾಗಿಲು ತೆರೆಯಿತು. ಅಷ್ಟರಲ್ಲಿ 'ಐರಿಸ್' ಕಾವು ಇಳಿದಿತ್ತು. ಸಿಕ್ಕಿದ್ದು 9ನೇ ಸ್ಥಾನ.

ಅಮೆರಿಕದ ಇನ್ನೊಂದು ಬ್ಯಾಂಡ್ ನೋ ಡೌಟ್‌ನ 'ಡೋಂಟ್ ಸ್ಪೀಕ್' ಹಾಡಿನ ಪಾಡು ಇನ್ನೂ ವಿಚಿತ್ರ. ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನ, ಹಾಟ್ 100ರಲ್ಲಿ ಒಂದು ದಿನವೂ ಇಲ್ಲ. ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಅಂಗಡಿಗೆ ಬಂತು. ಅಲ್ಲಿ 1997ರಲ್ಲಿ 3 ವಾರ ನಂಬರ್ ಒನ್. ಹಾಡು ಅದೇ, ಹಾಡಿದವರೂ ಅವರೇ ಅಲ್ವಾ?

ಇನ್ನು ವಾರದ ವಿಷಯ. 2015ರ ಜುಲೈ 10ರಿಂದ ಹೆಚ್ಚಿನ ದೇಶಗಳಲ್ಲಿ ಹೊಸ ಹಾಡು ಬರುವುದು ಶುಕ್ರವಾರ. ಬ್ರಿಟನ್, ಅಮೆರಿಕದ ದೊಡ್ಡ ಪಟ್ಟಿಗಳೂ ಶುಕ್ರವಾರದಿಂದ ಗುರುವಾರದವರೆಗೆ ಎಣಿಸುತ್ತವೆ. ಹಾಡನ್ನು ಸೋಮವಾರ ಬಿಡುಗಡೆ ಮಾಡಿದರೆ ಮೊದಲ ವಾರದಲ್ಲಿ 4 ದಿನವಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಒಬ್ಬ ಗಾಯಕಿಯ ತಂದೆ, 'ಶುಕ್ರವಾರ ಹತ್ತೂವರೆಗೆ ರಾಹುಕಾಲ, ಸೋಮವಾರವೇ ಇರಲಿ' ಅಂತ ಹಟ ಹಿಡಿದರು. 'ಯಜಮಾನರೇ, ಹಾಡು ಹೊರಗೆ ಬರುವುದು ನಡುರಾತ್ರಿ 12ಕ್ಕೆ. ರಾಹುಕಾಲಕ್ಕೆ ಇನ್ನೂ ಹತ್ತೂವರೆ ಗಂಟೆ ಇರುತ್ತದೆ' ಅಂದೆ. ಪಂಚಾಂಗ ಇನ್ನೊಮ್ಮೆ ತಿರುವಿ ಒಪ್ಪಿದರು. ಇವೆಲ್ಲ ಇವತ್ತಿನ ನಿಯಮ, ನಾಳೆಗೂ ಹೀಗೇ ಇರುತ್ತವೆ ಅಂತ ನಾನು ಬರೆದುಕೊಡುವುದಿಲ್ಲ. ತಾರೀಕು ಗೊತ್ತುಮಾಡುವ ಮುಂಚೆ ಆಯಾ ಪಟ್ಟಿಯ ನಿಯಮ ನೀವೇ ಒಮ್ಮೆ ಓದಿ.

ಗಿಟಾರ್ ಹುಡುಗನಿಗೆ ಅಮೆರಿಕದ ರಾಕ್ ಬ್ಯಾಂಡ್ ದಿ ಕಿಲ್ಲರ್ಸ್‌ನ 'ಮಿಸ್ಟರ್ ಬ್ರೈಟ್‌ಸೈಡ್' ಕಥೆ ಹೇಳಿದೆ. 2003ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸಲ ಬಂದಾಗ ಹೆಚ್ಚು ಜನ ತಿರುಗಿ ನೋಡಲಿಲ್ಲ. 2004ರಲ್ಲಿ ಮತ್ತೆ ಬಿಟ್ಟರು, 10ನೇ ಸ್ಥಾನಕ್ಕೆ ಬಂತು. ಮರುವರ್ಷ ಅಮೆರಿಕದಲ್ಲೂ 10. ಮೊದಲ ಸ್ಥಾನ ಎರಡೂ ಕಡೆ ಸಿಗಲೇ ಇಲ್ಲ. ಆದರೆ ಬ್ರಿಟನ್ನಿನ ಮೊದಲ ನೂರರೊಳಗೆ ಅದು ಕಳೆದ ವಾರಗಳು 400 ದಾಟಿವೆ. ಮದುವೆ ಪಾರ್ಟಿಗಳಲ್ಲಿ ಜನ ಇನ್ನೂ ಗಂಟಲು ಹರಿಯುವಂತೆ ಹಾಡುತ್ತಾರೆ.

ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ, 'ಸರ್, ಪೋಸ್ಟರಿನಲ್ಲಿ ರಾಕ್ ವಿಭಾಗ ಅಂತ ಕೆಳಗೆ ಚಿಕ್ಕದಾಗಿ ಹಾಕಿಸಲಾ?' ಅಂದ.

ಎಷ್ಟು ಚಿಕ್ಕದಾಗಿ ಅಂತ ಕೇಳಿದೆ. ನಕ್ಕುಬಿಟ್ಟ.