ಫಿಲ್ಟರ್‌ನಿಂದ ಕಾಯಿಲ್ ಕಿತ್ತುಹಾಕಬಹುದಾ?

ಓದುಗರ ಪ್ರಶ್ನೆ: 1 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ತಡೆಯುವ ಫಿಲ್ಟರ್ ಬೇಕು. ಲೆಕ್ಕ ಹಾಕಿದರೆ ಕಾಯಿಲ್ ಒಂದೇ ಅರ್ಧ ಬೋರ್ಡ್ ನುಂಗುತ್ತದೆ. ಚಿಕ್ಕದು ಮಾಡುವುದು ಹೇಗೆ? ಅದೇ ಉಪಾಯ ವೈರ್‌ಲೆಸ್ ಸರ್ಕ್ಯೂಟಿಗೂ ನಡೆಯುತ್ತಾ?

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಕೆಪಾಸಿಟರ್ 100 ನ್ಯಾನೊಫ್ಯಾರಡ್ ಅಂತ ಇಟ್ಟುಕೊಂಡರೆ ಕಾಯಿಲ್ ಸುಮಾರು 250 ಮಿಲಿಹೆನ್ರಿ ಆಗಬೇಕು. ಅದು ದಪ್ಪ ಮಾತ್ರ ಅಲ್ಲ, ಪಕ್ಕದ ಟ್ರಾನ್ಸ್‌ಫಾರ್ಮರಿನ ಹಮ್ ಕೂಡ ಹಿಡಿದುಕೊಂಡು ಕೂರುತ್ತದೆ.

ಕಿತ್ತುಹಾಕಿ. ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಎರಡು ರೆಸಿಸ್ಟರ್, ಎರಡು ಕೆಪಾಸಿಟರ್ ಸಾಕು. ಸಾಲೆನ್ ಮತ್ತು ಕೀ ಎಂಬಿಬ್ಬರು 1955ರಲ್ಲಿ ಪ್ರಕಟಿಸಿದ ಸರ್ಕ್ಯೂಟ್ ಇದು, ಇವತ್ತಿಗೂ ಅವರ ಹೆಸರಲ್ಲೇ ಓಡುತ್ತಿದೆ. ಆಪ್‌ಆಂಪನ್ನು ಸುಮ್ನೆ ಬಫರ್ ಮಾಡಿ, ಅಂದರೆ ಒಳಗೆ ಬಂದ ವೋಲ್ಟೇಜನ್ನೇ ಹೊರಗೆ ಕೊಡಲಿ. ಎರಡೂ ರೆಸಿಸ್ಟರ್ 10 ಕಿಲೋಓಮ್. ಔಟ್‌ಪುಟ್‌ನಿಂದ ಹಿಂದಕ್ಕೆ ಬರುವ ಕೆಪಾಸಿಟರ್ 22 ನ್ಯಾನೊಫ್ಯಾರಡ್, ಗ್ರೌಂಡಿಗೆ ಹೋಗುವುದು ಅದರ ಅರ್ಧ. 11 ಸಿಗಲಿಲ್ವಾ? ಎರಡು 22 ಅನ್ನು ಸೀರೀಸಿನಲ್ಲಿ ಹಾಕಿ. 1.02 ಕಿಲೋಹರ್ಟ್ಸ್‌ನ ಬಟರ್‌ವರ್ತ್ ಫಿಲ್ಟರ್ (ಬಿಡಬೇಕಾದ್ದನ್ನು ಏರಿಳಿತವಿಲ್ಲದೆ ಬಿಡುವಂಥದ್ದು) ಸಿಕ್ಕಿತು. ಆದರೆ ಜಾಗ ಉಳಿಸೋಕೆ ಅಂತ ಎಕ್ಸ್7ಆರ್ ಸೆರಾಮಿಕ್ ಹಾಕಬೇಡಿ. ಅದರ ಮೇಲೆ ವೋಲ್ಟೇಜ್ ಬಿದ್ದಷ್ಟೂ ಕೆಪಾಸಿಟನ್ಸ್ ಇಳಿಯುತ್ತದೆ, ಸಿಗ್ನಲ್ ಜೊತೆಗೇ ಫಿಲ್ಟರೂ ಅಲ್ಲಾಡುತ್ತದೆ. ಸಿ0ಜಿ ಸೆರಾಮಿಕ್ ಅಥವಾ ಫಿಲ್ಮ್ ಕೆಪಾಸಿಟರ್ ತಗೊಳ್ಳಿ.

ವೈರ್‌ಲೆಸ್‌ಗೆ ಬಂದರೆ ಕಥೆ ಬೇರೆ. ನೂರಾರು ಮೆಗಾಹರ್ಟ್ಸ್‌ನಲ್ಲಿ ಸಾಮಾನ್ಯ ಆಪ್‌ಆಂಪ್‌ಗೆ ದಮ್ಮಿಲ್ಲ. ಅಲ್ಲಿ ಕಾಯಿಲ್ ತಾನೇ ಚಿಕ್ಕದಾಗುತ್ತದೆ, ಆದರೆ ಬೋರ್ಡಿನ ಗೆರೆಗಳೂ ಕಾಯಿಲ್ ಆಗಿಬಿಡುತ್ತವೆ. ಒಂದು ಮಿಲಿಮೀಟರ್ ಗೆರೆಗೆ ಹತ್ತಿರತ್ತಿರ 1 ನ್ಯಾನೊಹೆನ್ರಿ. 100 ಪಿಕೊಫ್ಯಾರಡ್ ಕೆಪಾಸಿಟರಿಗೆ ಅಷ್ಟು ಅಂಟಿಕೊಂಡರೂ 500 ಮೆಗಾಹರ್ಟ್ಸ್ ದಾಟಿದ ಮೇಲೆ ಅದು ಕೆಪಾಸಿಟರ್ ಅಲ್ಲ, ಕಾಯಿಲ್!

ಇಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಸಾ (SAW, ಅಂದರೆ ಸರ್ಫೇಸ್ ಅಕೌಸ್ಟಿಕ್ ವೇವ್) ಫಿಲ್ಟರ್. ಕ್ವಾರ್ಟ್ಜ್‌ನಂಥ ಹರಳಿನ ಮೇಲೆ ಬಾಚಣಿಗೆ ಹಲ್ಲಿನ ಥರ ಲೋಹದ ಗೆರೆ ಇರುತ್ತದೆ. ಅದು ರೇಡಿಯೊ ಸಿಗ್ನಲ್ಲನ್ನು ಹರಳಿನ ಮೈಮೇಲೆ ಹರಿಯುವ ಕಂಪನವಾಗಿ ಬದಲಿಸುತ್ತದೆ. ಕಂಪನ ಓಡುವುದು ಸೆಕೆಂಡಿಗೆ ಮೂರು ಕಿಲೋಮೀಟರ್ ಚಿಲ್ಲರೆ, ಬೆಳಕಿಗಿಂತ ಲಕ್ಷ ಪಟ್ಟು ನಿಧಾನ. ಅಲೆಯೂ ಅಷ್ಟೇ ಕುಗ್ಗುತ್ತದೆ. 433 ಮೆಗಾಹರ್ಟ್ಸ್ ಅಲೆ ಗಾಳಿಯಲ್ಲಿ 69 ಸೆಂಟಿಮೀಟರ್ ಉದ್ದ, ಹರಳಿನ ಮೇಲೆ 7 ಮೈಕ್ರಾನ್ ಆಸುಪಾಸು. ಹಲ್ಲುಗಳ ಅಂತರಕ್ಕೆ ಹೊಂದುವ ಅಲೆ ದಾಟುತ್ತದೆ, ಉಳಿದದ್ದು ಹೆಚ್ಚುಕಮ್ಮಿ ಅಲ್ಲೇ ಸಾಯುತ್ತದೆ.

ಇದನ್ನು ಮನೆಯಲ್ಲಿ ಕೂತು ಮಾಡೋಕಾಗಲ್ಲ, ಕೊಳ್ಳಬೇಕು. ಆಮೇಲೆ ಫ್ರೀಕ್ವೆನ್ಸಿ ಬದಲಿಸುವ ಹಾಗೂ ಇಲ್ಲ. ಕೊಳ್ಳುವ ಮೊದಲು ಡೇಟಾಶೀಟ್ ನೋಡಿ. ಕೆಲವಕ್ಕೆ ರೇಡಿಯೊ ಸರ್ಕ್ಯೂಟಿನ 50 ಓಮ್‌ಗೆ ಹೊಂದಿಸಲು ಆಚೆ ಈಚೆ ಒಂದೊಂದು ಕಾಯಿಲ್ ಬೇಕಾಗುತ್ತದೆ. ಹೌದು, ಮತ್ತೆ ಕಾಯಿಲ್ಲೇ. ಆದರೆ ಈ ಸಲ ನ್ಯಾನೊಹೆನ್ರಿ ಲೆಕ್ಕದ್ದು.