ನೀರನ್ನು ಹೊತ್ತು ನಡೆಯುವ ಮೀನು

ಹೋದ ಫೆಬ್ರುವರಿಯಲ್ಲಿ ಧಾರವಾಡದಿಂದ ಬಂದ ಅವ್ವನನ್ನು ನವಿ ಮುಂಬೈನ ಐರೋಲಿಯ ಖಾಡಿ (ಸಮುದ್ರದ ನೀರು ಒಳನುಗ್ಗುವ ಕೊಲ್ಲಿ) ಕಡೆ ಕರೆದುಕೊಂಡು ಹೋಗಿದ್ದೆ. ಫ್ಲೆಮಿಂಗೊ ತೋರಿಸುವ ಆಸೆ. ಅವ್ವನ ಕಣ್ಣು ಮಾತ್ರ ಕೆಸರಿನ ಮೇಲೇ ನಿಂತಿತು. "ಅಲ್ನೋಡ, ಕಪ್ಪಿ ಮರಿ!"

ನೀರು ಇಳಿದ ಹೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರುಗಳ ನಡುವೆ ಬೆರಳುದ್ದದ ಬೂದುಬಣ್ಣದ ಜೀವಿಗಳು ತೆವಳುತ್ತಿದ್ದವು. ನೋಡಿದರೆ ಕಪ್ಪೆ ಅನ್ನಿಸುತ್ತದೆ, ಆದರೆ ಅಪ್ಪಟ ಮೀನು. ಇಂಗ್ಲಿಷಿನಲ್ಲಿ ಮಡ್‌ಸ್ಕಿಪ್ಪರ್, ಇಲ್ಲಿನ ಕೋಲಿ ಮೀನುಗಾರರ ಬಾಯಲ್ಲಿ ನಿವಟಿ. ಅವರು ಇದನ್ನು ಹಿಡಿದು ಸಾರೂ ಮಾಡುತ್ತಾರೆ. ಮುಂಬೈ ಸುತ್ತ ಸಿಗುವ ಬೋಲಿಯೊಫ್ಥಾಲ್ಮಸ್ ಡುಸ್ಸುಮಿಯೇರಿ ಎಂಬ ಜಾತಿಗೆ ವಿಜ್ಞಾನದ ಹೆಸರು ಬಿದ್ದದ್ದು 1837ರಲ್ಲಿ.

ಒಂದರ ಮೇಲೇ ಕಣ್ಣಿಟ್ಟು ನಿಂತೆವು. ಎದೆಯ ಎರಡು ಈಜುರೆಕ್ಕೆಗಳನ್ನು ಊರುಗೋಲಿನ ಹಾಗೆ ಮುಂದೆ ಚಾಚಿ, ಊರಿ, ಮೈಯನ್ನು ಎಳೆದುಕೊಳ್ಳುತ್ತದೆ. ತಲೆಯನ್ನು ಅತ್ತಿತ್ತ ಆಡಿಸುತ್ತಾ ಕೆಸರಿನ ಮೇಲಿನ ತೆಳು ಪಾಚಿಯನ್ನು ಕೆರೆದು ತಿನ್ನುತ್ತದೆ. ನೆತ್ತಿಯ ಮೇಲೆ ಎದ್ದು ನಿಂತ ಎರಡು ಕಣ್ಣು. ಸ್ವಲ್ಪ ಹೊತ್ತಿಗೊಮ್ಮೆ ಅವು ಗುಳಿಯೊಳಗೆ ಮುಳುಗಿ ಒದ್ದೆಯಾಗಿ ಮೇಲೆ ಬರುತ್ತವೆ. ಮೀನು ಕಣ್ಣು ಮಿಟುಕಿಸುವುದನ್ನು ಅವ್ವ ಎಲ್ಲಿ ನೋಡಿರಬೇಕು!

ಇನ್ನು ಉಸಿರಾಟ. ಒದ್ದೆ ಚರ್ಮದಿಂದ, ಬಾಯಿ ಗಂಟಲಿನ ಒಳಪದರದಿಂದ ಇದು ಗಾಳಿಯ ಆಮ್ಲಜನಕ ಹೀರುತ್ತದೆ. ಕಿವಿರಿನ ಗೂಡಿನಲ್ಲಿ ಒಂದಿಷ್ಟು ನೀರನ್ನೂ ಇಟ್ಟುಕೊಂಡಿರುತ್ತದೆ. ಮೈ ಒಣಗಿದರೆ ಕಥೆ ಮುಗಿಯಿತು. ಅದಕ್ಕೇ ಆಗಾಗ ಕೆಸರಲ್ಲಿ ಮಗ್ಗುಲಾಗಿ ಹೊರಳುತ್ತದೆ. ನೆಲಕ್ಕೆ ಬಂದರೂ ಇದು ನೀರನ್ನು ಬಿಟ್ಟು ಬಂದಿಲ್ಲ, ಹೊತ್ತುಕೊಂಡೇ ಬಂದಿದೆ. ಹಾಗಂತ ಇದು ನಮ್ಮ ಮುತ್ತಜ್ಜ ಅಲ್ಲ. ಕಾಲಿರುವ ಪ್ರಾಣಿಗಳ ಪೂರ್ವಜರು ಬೇರೆಯದೇ ಮೀನುಗಳು, ಸುಮಾರು 37 ಕೋಟಿ ವರ್ಷ ಹಿಂದಿನವು. ನಿವಟಿ ಗೋಬಿ ಎಂಬ ಬೇರೊಂದು ಮೀನಿನ ಗುಂಪಿನ ಪೈಕಿ. ನೆಲದ ದಾರಿಯನ್ನು ತಾನೇ ಬೇರೆಯಾಗಿ ಕಂಡುಕೊಂಡಿದೆ.

ನನಗೆ ತುಂಬಾ ಹಿಡಿಸಿದ್ದು ಇದರ ಬಿಲದ ವಿಷಯ. ಕೆಸರಿನ ಆಳದ ನೀರಿನಲ್ಲಿ ಆಮ್ಲಜನಕ ಇಲ್ಲ ಅನ್ನುವಷ್ಟು ಕಡಿಮೆ. ಮೊಟ್ಟೆ ಬದುಕುವುದು ಹೇಗೆ? ಜಪಾನಿನ ಒಂದು ಜಾತಿಯ ಬಿಲದೊಳಗೆ ವಿಜ್ಞಾನಿಗಳು ಇಣುಕಿ ನೋಡಿದರು. ಬಿಲದ ಕೊನೆ ಮೇಲಕ್ಕೆ ಬಾಗಿದ ಒಂದು ಕೋಣೆ. ಅದರ ಗೋಡೆಗೆ ಮೊಟ್ಟೆಗಳು ಅಂಟಿಕೊಂಡಿವೆ, ಕೋಣೆಯ ತುಂಬ ಗಾಳಿ. ಆ ಗಾಳಿಯನ್ನು ತುಂಬುವುದು ಅಪ್ಪ ಮೀನು. ಹೊರಗೆ ಬಂದು ಒಂದು ಬಾಯಿ ಗಾಳಿ ನುಂಗಿ, ಕೆನ್ನೆ ಉಬ್ಬಿಸಿಕೊಂಡು ಕೆಳಗೆ ಹೋಗಿ ಬಿಡುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಮರಿಗಳು ಹೊರಬರುವ ಹೊತ್ತಿಗೆ, ರಾತ್ರಿ ಭರತ ಏರಿದಾಗ, ಅದೇ ಗಾಳಿಯನ್ನು ಬಾಯಲ್ಲಿ ತುಂಬಿಕೊಂಡು ಹೊರಗೆ ಹಾಕುತ್ತದೆ. ಕೋಣೆಗೆ ನೀರು ನುಗ್ಗುತ್ತದೆ, ಮೊಟ್ಟೆ ಒಡೆಯುತ್ತದೆ.

"ತಾಯಿ ಅಲ್ಲೇನು ಇದನ್ನ ಮಾಡೂದು?" ಅವ್ವ ಎರಡು ಸಲ ಕೇಳಿದಳು.

ಠಾಣೆ ಖಾಡಿಯ ಈ ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೂ ಕೆಸರಿಗೆ ಅಂಟಿಕೊಂಡ ಪ್ಲಾಸ್ಟಿಕ್ ಕವರ್‌ಗಳು ಜಾಸ್ತಿ. ಅವುಗಳ ಅಡಿಗೆ ಬಿಸಿಲು ಬೀಳದಿದ್ದರೆ ಪಾಚಿ ಎಲ್ಲಿಂದ ಬೆಳೆಯಬೇಕು? ನೋಡಿ ಹೊಟ್ಟೆ ಉರಿಯಿತು.

ನೀರು ಏರತೊಡಗಿತು. ನಾವು ನೋಡುತ್ತಿದ್ದ ನಿವಟಿ ಬಿಲದ ಬಾಯಿಗೆ ಬಂದು, ಕಣ್ಣೆರಡನ್ನು ಮಾತ್ರ ಹೊರಗಿಟ್ಟು ಕೂತಿತು. ಆಮೇಲೆ ಅವೂ ಇಲ್ಲ. ಆಚೆ ಫ್ಲೆಮಿಂಗೊಗಳು ಗುಂಪಾಗಿ ಹಾರಿದವು. ಅವ್ವ ಇನ್ನೂ ಆ ತೂತನ್ನೇ ನೋಡುತ್ತಿದ್ದಳು.