ಬೇಸಿಗೆ ಶುರುವಿನ ಹಿಮಕುಸಿತ: ರಾತ್ರಿ ಹಿಮ ಗಟ್ಟಿ ಆಗಿತ್ತಾ ಇಲ್ವಾ, ಮೊದಲು ಅದನ್ನ ನೋಡಿ

ಬೇಸಿಕ್ ಮೌಂಟನಿಯರಿಂಗ್ ಕೋರ್ಸ್ ಮಾಡೋರು, ಏಪ್ರಿಲ್ ಮೇ ರಜೆಗೆ ಮನಾಲಿ, ಉತ್ತರಕಾಶಿ ಕಡೆ ಸ್ನೋ ಟ್ರೆಕ್‌ಗೆ ಹೊರಟಿರೋರು, ಇದನ್ನ ಒಂದ್ಸಲ ಓದ್ಕೊಳ್ಳಿ.

ನಮ್ ಕಡೆ ಹಿಮಕುಸಿತ ಅಂದ ತಕ್ಷಣ ನೆನಪಾಗೋದು 2016ರ ಫೆಬ್ರವರಿ, ಸಿಯಾಚಿನ್. ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿ ಆಮೇಲೆ ದೆಹಲಿ ಆಸ್ಪತ್ರೆಯಲ್ಲಿ ತೀರ್ಕೊಂಡ್ರು. ಅದು ಕಡುಚಳಿಯಲ್ಲಿ ಆಗಿದ್ದು, ಹಾಗಾಗಿ ಚಳಿ ಇದ್ರೆ ಅಪಾಯ, ಬಿಸಿಲು ಬಂದ್ರೆ ಸೇಫ್ ಅಂತ ಬಹಳ ಜನ ಅಂದ್ಕೊಂಡಿದಾರೆ. ಆದ್ರೆ ಉತ್ತರಾಖಂಡದ ಚಮೋಲಿಯ ಸುಮ್ನಾ ಹತ್ರ ಬಿಆರ್‌ಒ (ಗಡಿ ರಸ್ತೆ ಮಾಡೋ ಸಂಸ್ಥೆ) ಕ್ಯಾಂಪ್ ಮೇಲೆ ಹಿಮ ಕುಸಿದಿದ್ದು 2021ರ ಏಪ್ರಿಲ್ 23ಕ್ಕೆ, ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ 7 ಪ್ರವಾಸಿಗರು ಸತ್ತಿದ್ದು 2023ರ ಏಪ್ರಿಲ್ 4ರ ಮಧ್ಯಾಹ್ನ. ಇವೆರಡಕ್ಕೂ ಬಿಸಿಲೇ ಕಾರಣ ಅಂತ ನಾನು ಹೇಳ್ತಿಲ್ಲ, ಏಪ್ರಿಲ್ ಬಂತು ಸೀಸನ್ ಮುಗೀತು ಅನ್ನೋ ಲೆಕ್ಕ ಬಿಟ್ಟುಬಿಡಿ ಅಂತಷ್ಟೇ.

ಈಗ ಒಳಗೆ ಏನಾಗುತ್ತೆ ನೋಡೋಣ. ಇಡೀ ಚಳಿಗಾಲ ಬಿದ್ದ ಹಿಮ ಪದರ ಪದರವಾಗಿ ಕೂತಿರುತ್ತೆ, ಕಣಕ್ಕೂ ಕಣಕ್ಕೂ ಮಧ್ಯೆ ಸಣ್ಣ ಸಣ್ಣ ಐಸ್ ಬೆಸುಗೆ ಇರುತ್ತೆ, ಆ ಬೆಸುಗೆನೇ ಅದನ್ನ ಇಳಿಜಾರಲ್ಲಿ ಹಿಡ್ಕೊಂಡಿರೋದು. ಒಂದು ಗ್ರಾಂ ಹಿಮವನ್ನ ಮೈನಸ್ 10 ಡಿಗ್ರಿಯಿಂದ ಸೊನ್ನೆಗೆ ತರೋಕೆ ಸುಮಾರು 21 ಜೂಲ್ ಸಾಕು, ಆದ್ರೆ ಅದೇ ಒಂದು ಗ್ರಾಂ ಕರಗೋಕೆ 334 ಜೂಲ್ ಬೇಕು. ಅಂದ್ರೆ ಹಿಮ ಬೇಗ ಸೊನ್ನೆ ಡಿಗ್ರಿಗೆ ಬಂದ್ಬಿಡುತ್ತೆ, ಅಲ್ಲಿಂದ ಮುಂದೆ ಥರ್ಮಾಮೀಟರ್ ಅಲ್ಲಾಡಲ್ಲ, ಹೊರಗಿಂದ ನೋಡೋಕೂ ಎಲ್ಲ ಹಾಗೇ ಇರುತ್ತೆ, ಒಳಗೆ ಮಾತ್ರ ನೀರು ಸೇರ್ತಾ ಹೋಗುತ್ತೆ. ಸ್ವಲ್ಪ ನೀರಿದ್ರೆ ಪರ್ವಾಗಿಲ್ಲ, ಕಣಗಳು ಇನ್ನೂ ಅಂಟ್ಕೊಳ್ತವೆ. ನೀರು ಜಾಸ್ತಿ ಆದ್ರೆ ಬೆಸುಗೆಗಳೇ ಕರಗ್ತವೆ, ಸಕ್ಕರೆಗೆ ಒಂದು ಹನಿ ಬಿದ್ರೆ ಗಂಟು ಕಟ್ಟುತ್ತೆ, ಒಂದು ಲೋಟ ಸುರಿದ್ರೆ ಹರಿದೇ ಹೋಗುತ್ತಲ್ಲ ಹಾಗೆ. ಆ ನೀರು ಕೆಳಗಿಳಿದು ಯಾವ್ದಾದ್ರೂ ಗಟ್ಟಿ ಐಸ್ ಪದರದ ಮೇಲೆ ನಿಂತುಬಿಟ್ರೆ ಇನ್ನೂ ಕೆಟ್ಟದು, ಮೇಲಿನ ಹಿಮ ಪೂರ್ತಿ ಹಲಗೆ ಥರ ಒಂದೇ ಸಲಕ್ಕೆ ಜಾರುತ್ತೆ.

ಇಲ್ಲಿ 'ಬೇಗ ಬಿಸಿ ಆಗೋದು' ಯಾಕೆ ಮುಖ್ಯ ಅಂದ್ರೆ, ವರ್ಷದ ಮೊದಲ ಜೋರು ಬಿಸಿಲಿಗೆ ಹಿಮದೊಳಗೆ ನೀರು ಇಳಿಯೋ ದಾರಿಗಳೇ ಆಗಿರಲ್ಲ. ನಿಧಾನವಾಗಿ, ಹಗಲು ಕರಗಿ ರಾತ್ರಿ ಗಟ್ಟಿಯಾಗಿ, ಹಲವು ದಿನ ಹೀಗೇ ನಡೆದ್ರೆ ಕಣಗಳು ದಪ್ಪ ಆಗ್ತವೆ, ನೀರು ಸಲೀಸಾಗಿ ಹರಿದುಹೋಗುತ್ತೆ, ಹಿಮ ತಾನೇ ಸೆಟ್ ಆಗುತ್ತೆ. ಎರಡು ಮೂರು ದಿನದಲ್ಲಿ ಏಕ್‌ದಂ ಬಿಸಿ ಏರಿದ್ರೆ, ಅಥವಾ ಹಿಮದ ಮೇಲೆ ಮಳೆ ಬಿದ್ರೆ, ಅದಕ್ಕೆಲ್ಲ ಟೈಮೇ ಸಿಗಲ್ಲ.

ಈಗ ರಾತ್ರಿ ವಿಷಯ, ನನ್ ಪ್ರಕಾರ ಇಡೀ ಪಾಠದಲ್ಲಿ ಇದೇ ಮುಖ್ಯ. ಆಕಾಶ ಶುಭ್ರವಾಗಿದ್ರೆ ಹಿಮ ತನ್ನ ಶಾಖವನ್ನ ಮೇಲಕ್ಕೆ ಬಿಟ್ಟುಬಿಡುತ್ತೆ, ಗಾಳಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ರೂ ಮೇಲ್ಮೈ ಹೆಪ್ಪುಗಟ್ಟಬಹುದು. ಮೋಡ ಮುಚ್ಚಿದ್ರೆ ಶಾಖ ವಾಪಸ್ ಬರುತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ಹಿಮ ನಿನ್ನೆ ಸಂಜೆ ಇದ್ದಷ್ಟೇ ಮೆತ್ತಗೆ. ಹಾಗಿದ್ದ ದಿನ ಬೆಳಗ್ಗೆ 5 ಗಂಟೆಗೆ ಹೊರಟ್ರೂ ಉಪಯೋಗ ಇಲ್ಲ, ಅವತ್ತು ಕಡಿದಾದ ಇಳಿಜಾರು ಬಿಟ್ಟುಬಿಡಿ. ಗೈಡ್ ಅಣ್ಣ ಎರಡು ಗಂಟೆ ರಾತ್ರಿಗೇ ಎಬ್ಬಿಸಿದ್ರೆ ಗೊಣಗಬೇಡಿ ಪ್ಲೀಸ್, ಹೆಪ್ಪುಗಟ್ಟಿರೋ ಅಷ್ಟು ಹೊತ್ತಲ್ಲೇ ಹೋಗಿ ಬರಬೇಕು ಅನ್ನೋದು ಅವರ ಲೆಕ್ಕ. ಕಾಲಿಟ್ರೆ ನಿಮ್ಮ ಭಾರ ಹೊರೋವಷ್ಟು ಗಟ್ಟಿ ಇದೆಯಾ ನೋಡಿ, ತೆಳ್ಳಗೆ ಪಾಪಡ್ ಥರ ಮುರಿದು ಕೆಳಗೆ ಒದ್ದೆ ಸಿಕ್ರೆ ಅದು ಒಂಬತ್ತು ಗಂಟೆವರೆಗೂ ಬಾಳಲ್ಲ.

ಬಿಸಿಲು ಮೊದಲು ಪೂರ್ವಕ್ಕೆ ಮುಖ ಮಾಡಿರೋ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ಉತ್ತರದ್ದು ವಾರಗಟ್ಟಲೆ ತಡವಾಗಿ ಕುಸಿಯುತ್ತೆ, ಒಳಗೆ ಚಳಿಗಾಲದ ದುರ್ಬಲ ಪದರ ಉಳ್ಕೊಂಡಿರುತ್ತಾದ್ರಿಂದ ಕುಸಿದಾಗ ದೊಡ್ಡದಾಗೇ ಕುಸಿಯುತ್ತೆ. ಹಿಮ ಕುಸಿಯೋ ಇಳಿಜಾರಿನ ಕೋನ ಹೆಚ್ಚಾಗಿ 30ರಿಂದ 45 ಡಿಗ್ರಿ.

ಲಕ್ಷಣಗಳು: ಇಳಿಜಾರಲ್ಲಿ ಹಿಮದ ಉಂಡೆಗಳು ತಾವಾಗೇ ಉರುಳ್ತಾ ಚಕ್ರದ ಥರ ಸುತ್ಕೊಳ್ಳೋದು, ಬಂಡೆ ಬುಡದಿಂದ ಒಂದು ಬಿಂದುವಲ್ಲಿ ಶುರುವಾಗಿ ಕೆಳಗೆ ಅಗಲ ಆಗೋ ಸಣ್ಣ ಜಾರು, ಮೊಣಕಾಲವರೆಗೆ ಹೂತುಹೋಗೋದು, ಮುಷ್ಟಿಯಲ್ಲಿ ಹಿಂಡಿದ್ರೆ ನೀರು ಬರೋದು. ಇದರಲ್ಲಿ ಯಾವ್ದು ಕಂಡ್ರೂ ವಾಪಸ್ಸು.

ಇನ್ನೊಂದು. ಒದ್ದೆ ಹಿಮ ಪುಡಿ ಹಿಮದಷ್ಟು ವೇಗವಾಗಿ ಬರಲ್ಲ, ಆದ್ರೆ ಒಂದು ಘನ ಮೀಟರ್‌ಗೆ 300-500 ಕೆಜಿ ತೂಗುತ್ತೆ, ನಿಂತ ತಕ್ಷಣ ಕಾಂಕ್ರೀಟ್. ಹೂತವರು ಕೈ ಕೂಡ ಆಡಿಸೋಕಾಗಲ್ಲ, ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಜೊತೆಗಿದ್ದವರೇ ತೆಗೀಬೇಕು, ಹಾಗಾಗಿ ಟ್ರಾನ್ಸೀವರ್ (ಹೂತವರನ್ನ ಹುಡುಕೋ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದನೆ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರಬೇಕು. ಒದ್ದೆ ಹಿಮ ನಾಲಾ (ಬೆಟ್ಟದ ಹಳ್ಳ) ಹಿಡಿದು ಬರುತ್ತೆ, ಕೆಳಗೆ ಹುಲ್ಲು ಹೂವು ಇರೋ ಜಾಗಕ್ಕೂ ಬರುತ್ತೆ. ಟೆಂಟನ್ನ ನಾಲಾ ಬಾಯಲ್ಲಿ ಹಾಕ್ಬೇಡಿ, ನಾಲಾ ದಾಟುವಾಗ ಒಬ್ಬೊಬ್ಬರೇ ದಾಟಿ, ಫೋಟೋಗೆ ನಿಲ್ಬೇಡಿ.

ಚಂಡೀಗಢದ ಡಿಜಿಆರ್‌ಇ (ಡಿಆರ್‌ಡಿಒದ ಸಂಶೋಧನಾ ಸಂಸ್ಥೆ, ಮೊದಲು ಸಾಸೆ ಅಂತಿತ್ತು) ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತೆ, ಹೊರಡೋ ಹಿಂದಿನ ಸಂಜೆ ನೋಡಿ. ಆದ್ರೆ ಅದು ಇಡೀ ಪ್ರದೇಶಕ್ಕೆ, ನಿಮ್ಮ ಮುಂದಿರೋ ಇಳಿಜಾರನ್ನ ನೀವೇ ಓದ್ಬೇಕು.

ಕೊನೇದಾಗಿ, ಮೇಲೆ ಹೇಳಿದ ಗಡಿಯಾರದ ಲೆಕ್ಕ ಒಂದಕ್ಕೆ ಮಾತ್ರ ನಡೆಯಲ್ಲ. ನುಣುಪು ಬಂಡೆ ಅಥವಾ ಹುಲ್ಲಿನ ಮೇಲೆ ಕೂತಿರೋ ಇಡೀ ಹಿಮ ಬುಡಸಮೇತ ನಿಧಾನಕ್ಕೆ ಜಾರ್ತಾ ಮೇಲೆ ಬಾಯಿಬಿಟ್ಟ ಬಿರುಕು ಕಾಣುತ್ತಲ್ಲ, ಅದು ಬೆಳಗಿನ ಜಾವ ನಾಲ್ಕಕ್ಕೂ ಬೀಳಬಹುದು, ಇನ್ನೂ ಮೂರು ವಾರ ಬೀಳದೇನೂ ಇರಬಹುದು. ಅದರ ಕೆಳಗೆ ದಾರಿ ಇದ್ರೆ ಸುತ್ತಿ ಹೋಗಿ, ಅಲ್ಲಿ ಕೂತು ಊಟ ಅಂತೂ ಮಾಡ್ಲೇಬೇಡಿ.